ಫಿಲ್ಮ್ ಮತ್ತು ಕಾಗದದ ಜಾರುತನ ಅಳೆಯುವುದು: ಸ್ಯಾಂಪಲ್ ಕತ್ತರಿಸುವುದರಿಂದ ವರದಿ ಬರೆಯುವವರೆಗೆ

ಫಿಲ್ಮ್ ಕಳಿಸಿದವರ ವರದಿಯಲ್ಲಿ ಘರ್ಷಣಾ ಗುಣಾಂಕ, ಅಂದರೆ ಜಾರುತನದ ಅಂಕಿ, 0.18 ಎಂದಿರುತ್ತದೆ. ಅದೇ ರೋಲಿನ ತುಂಡನ್ನು ನಿಮ್ಮ ಲ್ಯಾಬಿನಲ್ಲಿ ಬೆಳಗ್ಗೆ ಎಳೆದರೆ 0.31 ಬರುತ್ತದೆ, ಮಧ್ಯಾಹ್ನ ಇನ್ನೊಬ್ಬರು ಎಳೆದರೆ 0.24. ಎಲ್ಲರೂ ಯಂತ್ರದ ಮೇಲೆ ಗುಮಾನಿ ಪಡುತ್ತಾರೆ, ಸರ್ವಿಸ್‌ನವರಿಗೆ ಫೋನ್ ಹೋಗುತ್ತದೆ. ಅವರು ಬಂದು ನೋಡಿದರೆ ಯಂತ್ರ ಸರಿಯಾಗಿಯೇ ಇರುತ್ತದೆ.

ಈ ಪರೀಕ್ಷೆಯಲ್ಲಿ ಸ್ಲೆಡ್ಡನ್ನು, ಅಂದರೆ ಫಿಲ್ಮ್ ಸುತ್ತಿದ ಚಪ್ಪಟೆ ತೂಕವನ್ನು, ಬೆಡ್ ಎಂಬ ಸಮತಟ್ಟು ತಳಕ್ಕೆ ಹಾಸಿದ ಇನ್ನೊಂದು ತುಂಡಿನ ಮೇಲೆ ಎಳೆಯುವ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ. ಫಲಿತಾಂಶ ಕೆಡುವುದು ಬಹುತೇಕ ಅದಕ್ಕೂ ಮುಂಚೆ: ಯಾವ ಮುಖ ಎಂದು ಗುರುತು ಹಾಕದೆ ಕತ್ತರಿಸಿದಾಗ, ಬೆರಳು ತಾಗಿಸಿದಾಗ, ನಿನ್ನೆ ಊದಿದ (ಕರಗಿದ ಪ್ಲಾಸ್ಟಿಕ್ಕನ್ನು ಗಾಳಿಯಿಂದ ಉಬ್ಬಿಸಿ ತಯಾರಿಸಿದ) ಫಿಲ್ಮನ್ನು ಇವತ್ತೇ ಅಳೆದಾಗ. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಎಳೆಯುವುದಕ್ಕೆ ಮುಂಚಿನ ಹಂತಗಳೇ ಇಲ್ಲಿ ಹೆಚ್ಚು ಜಾಗ ತೆಗೆದುಕೊಂಡಿವೆ, ಅದು ಬೇಕೆಂದೇ.

## 1. ಯಾವುದರ ಮೇಲೆ ಯಾವುದು ಜಾರಬೇಕು ಎಂದು ತೀರ್ಮಾನಿಸಿ

ಘರ್ಷಣಾ ಗುಣಾಂಕ (ಸಿಒಎಫ್) ಒಂದು ಫಿಲ್ಮಿನ ಗುಣವಲ್ಲ, ಎರಡು ಮೇಲ್ಮೈಗಳ ಜೋಡಿಯ ಗುಣ. 'ಈ ಫಿಲ್ಮಿನ ಸಿಒಎಫ್ ಎಷ್ಟು' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಒಳಮುಖದ ಮೇಲೆ ಒಳಮುಖವೋ, ಹೊರಮುಖದ ಮೇಲೆ ಹೊರಮುಖವೋ, ಒಳಮುಖದ ಮೇಲೆ ಉಕ್ಕೋ ಎಂದು ಕೇಳಿದರೆ ಮಾತ್ರ ಉತ್ತರವಿದೆ.

ತೊಂದರೆ ಎಲ್ಲಿ ಬರುತ್ತಿದೆ ಎಂದು ಮೊದಲು ಲೈನಿನಲ್ಲಿ ನೋಡಿ ಬನ್ನಿ. ಪೌಚ್ ಯಂತ್ರದ ಕಾಲರ್ (ಫಿಲ್ಮನ್ನು ಕೊಳವೆಯಾಕಾರಕ್ಕೆ ಬಗ್ಗಿಸುವ ಲೋಹದ ಭಾಗ) ಮೇಲೆ ಫಿಲ್ಮ್ ಬಿಗಿಹಿಡಿದು ಪೌಚಿನ ಉದ್ದ ಏರುಪೇರಾಗುತ್ತಿದ್ದರೆ ಅಳೆಯಬೇಕಾದ್ದು ಫಿಲ್ಮಿನ ಒಳಮುಖ ಮತ್ತು ಲೋಹದ ನಡುವಿನ ಘರ್ಷಣೆ. ತುಂಬಿದ ಚೀಲಗಳು ಪ್ಯಾಲೆಟ್ ಮೇಲಿಂದ ಜಾರಿ ಬೀಳುತ್ತಿದ್ದರೆ ಹೊರಮುಖದ ಮೇಲೆ ಹೊರಮುಖ. ಪೌಚಿನ ಬಾಯಿ ಬಿಡಿಸಲು ಬರುತ್ತಿಲ್ಲವಾದರೆ ಒಳಮುಖದ ಮೇಲೆ ಒಳಮುಖ. ಆದರೆ ಅಲ್ಲಿ ಕಾಡುತ್ತಿರುವುದು ಘರ್ಷಣೆಯಲ್ಲದೆ ಬ್ಲಾಕಿಂಗ್, ಅಂದರೆ ಎರಡು ಪದರ ಒಂದಕ್ಕೊಂದು ಅಂಟಿಕೊಳ್ಳುವುದು, ಇರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ಜಾರುತನದ ಅಂಕಿ ಚೆನ್ನಾಗಿದ್ದೂ ಬ್ಲಾಕ್ ಆಗುವ ಫಿಲ್ಮ್ ಇರುತ್ತದೆ.

ಎರಡು ಅಂಕಿಗಳಲ್ಲಿ ಯಾವುದು ಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲದಿಂದ ಬರುವುದು ಸ್ಥಾಯಿ ಘರ್ಷಣೆ. ಲ್ಯಾಬಿನಲ್ಲಿ ಸ್ಟ್ಯಾಟಿಕ್ ಎನ್ನುತ್ತೇವೆ. ಕದಲಿದ ಮೇಲೆ ಒಂದೇ ವೇಗದಲ್ಲಿ ಎಳೆಯುತ್ತಿರಲು ಬೇಕಾದ ಬಲದಿಂದ ಬರುವುದು ಜಾರು ಘರ್ಷಣೆ, ಅಂದರೆ ಕೈನೆಟಿಕ್. ಓಡುತ್ತಿರುವ ಲೈನಿನ ದೂರಿಗೆ ಕೈನೆಟಿಕ್ ನೋಡಿ. ಪೇರಿಸಿದ ಚೀಲ, ಬಾಕ್ಸುಗಳ ದೂರಿಗೆ ಸ್ಟ್ಯಾಟಿಕ್ ನೋಡಿ.

## 2. ಒಂದು ಮಾನಕ ಹಿಡಿಯಿರಿ, ಎರಡನ್ನು ಬೆರೆಸಬೇಡಿ

ಪ್ಲಾಸ್ಟಿಕ್ ಫಿಲ್ಮಿಗೆ ಎರಡು ಮಾನಕಗಳು ಹೆಚ್ಚು ಬಳಕೆಯಲ್ಲಿವೆ: ಒಂದು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯದು, ಇನ್ನೊಂದು ಅಂತರರಾಷ್ಟ್ರೀಯ ಐಎಸ್‌ಒ ಸಂಸ್ಥೆಯದು. ಎಎಸ್‌ಟಿಎಂ ಡಿ1894ರಲ್ಲಿ ಸ್ಲೆಡ್ 63.5 ಮಿಲಿಮೀಟರ್ ಚೌಕ, ತೂಕ 200 ಗ್ರಾಂ, ಅಡಿಗೆ ಸ್ಪಾಂಜ್ ರಬ್ಬರ್, ವೇಗ ನಿಮಿಷಕ್ಕೆ 150 ಮಿಲಿಮೀಟರ್. ಐಎಸ್‌ಒ 8295ರಲ್ಲಿ ತೂಕ ಅದೇ 200 ಗ್ರಾಂ, ಆದರೆ ಸ್ಲೆಡ್ಡಿನ ತಳ 40 ಚದರ ಸೆಂಟಿಮೀಟರ್, ಅಡಿಗೆ ಉಣ್ಣೆಯ ಫೆಲ್ಟ್, ವೇಗ ನಿಮಿಷಕ್ಕೆ 100 ಮಿಲಿಮೀಟರ್. ಐಎಸ್‌ಒದಲ್ಲಿ ಸ್ಲೆಡ್ ಇಟ್ಟ ಮೇಲೆ 15 ಸೆಕೆಂಡ್ ಕಾದು ಎಳೆಯಬೇಕು.

ನೋಡಲು ಇವೆರಡೂ ಒಂದೇ ಥರ. ಮೆತ್ತೆ, ವೇಗ, ಕಾಯುವ ಹೊತ್ತು ಬೇರೆ ಇರುವುದರಿಂದ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮೆತ್ತಗಿನ ರಬ್ಬರಿನ ಮೇಲೆ ಕೂತ ತೆಳು ಫಿಲ್ಮು ಬೆಡ್ಡಿಗೆ ತಾಗುವ ರೀತಿಯೇ ಫೆಲ್ಟಿನ ಮೇಲೆ ಕೂತದ್ದಕ್ಕಿಂತ ಬೇರೆ. ಎಷ್ಟೋ ಜಗಳಗಳು ಇಲ್ಲೇ ಮುಗಿಯುತ್ತವೆ: ಸರಬರಾಜುದಾರರು ಐಎಸ್‌ಒ ಪ್ರಕಾರ, ನೀವು ಎಎಸ್‌ಟಿಎಂ ಪ್ರಕಾರ. ಗ್ರಾಹಕರ ಸ್ಪೆಸಿಫಿಕೇಶನ್ ತೆಗೆದು ನೋಡಿ, ಅದರಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ.

ಕಾಗದಕ್ಕೆ ಮಾನಕಗಳು ಬೇರೆ. ಬರೆಯುವ, ಮುದ್ರಿಸುವ ಕಾಗದಕ್ಕೆ ಕಾಗದೋದ್ಯಮದ ಸಂಸ್ಥೆ ಟ್ಯಾಪಿಯ ಟಿ 549 ಅಥವಾ ಐಎಸ್‌ಒ 15359. ಕೊರಗೇಟೆಡ್ ಬೋರ್ಡಿಗೆ ಇಳಿಜಾರು ವಿಧಾನದ ಟ್ಯಾಪಿ ಟಿ 815. ಫಿಲ್ಮಿನ ಪ್ರೋಗ್ರಾಮ್ ಹಾಕಿಕೊಂಡು ಕ್ರಾಫ್ಟ್ ಕಾಗದ ಎಳೆದರೆ ಅಂಕಿ ಬಂದೇ ಬರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

## 3. ಬೇಕಾದ ಸಲಕರಣೆಗಳು

ಯಂತ್ರ ಎಂದರೆ ಸಮತಟ್ಟಾದ ಬೆಡ್, ಸ್ಲೆಡ್, ಎಳೆತದ ಬಲ ಅಳೆಯುವ ಲೋಡ್ ಸೆಲ್, ಒಂದೇ ವೇಗದಲ್ಲಿ ಎಳೆಯುವ ಮೋಟಾರು. ಟೆನ್ಸೈಲ್ ಯಂತ್ರ ಇರುವವರು ಬೆಡ್ ಮತ್ತು ಪುಲ್ಲಿ ಇರುವ ಜಿಗ್ ಕೂರಿಸಿ ಅದರಲ್ಲೇ ಮಾಡಬಹುದು. ಆದರೆ ಲೋಡ್ ಸೆಲ್ ಚಿಕ್ಕದಿರಬೇಕು. ಇಲ್ಲಿ ಅಳೆಯುವ ಬಲ ಅರ್ಧ ನ್ಯೂಟನ್ ಆಸುಪಾಸಿನದು; 5 ಕಿಲೋನ್ಯೂಟನ್ ಸೆಲ್ಲಿನಲ್ಲಿ ಅದು ಸೆಲ್ಲಿನದೇ ಸಣ್ಣ ಏರಿಳಿತದೊಳಗೆ (ನಾಯ್ಸ್) ಮುಳುಗಿಹೋಗುತ್ತದೆ. 10 ನ್ಯೂಟನ್ ಅಥವಾ ಅದಕ್ಕಿಂತ ಚಿಕ್ಕ ಸೆಲ್ ಹಾಕಿ.

ಇದರ ಜೊತೆಗೆ ಹರಿತವಾದ ಬ್ಲೇಡು, ಉಕ್ಕಿನ ಸ್ಕೇಲು, ಕತ್ತರಿಸಲು ಶುಭ್ರವಾದ ಹಲಗೆ, ಪೌಡರ್ ಇಲ್ಲದ ಗ್ಲೋವ್ಸ್, ಡಬಲ್ ಸೈಡ್ ಟೇಪು, ಮಾಮೂಲಿ ಟೇಪು, ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಬಟ್ಟೆ, ಸ್ಪಿರಿಟ್ ಲೆವೆಲ್, 50 ಮತ್ತು 100 ಗ್ರಾಂ ತೂಕದ ಬಟ್ಟುಗಳು. ಪೌಡರ್ ಇರುವ ಗ್ಲೋವ್ಸ್ ಬೇಡವೇ ಬೇಡ. ಆ ಪುಡಿ ಒಳ್ಳೆಯ ಜಾರುಕ. ಫಿಲ್ಮಿನ ಮೇಲೆ ಕಣ್ಣಿಗೆ ಕಾಣದಷ್ಟು ಬಿದ್ದರೂ ಅಂಕಿ ಇಳಿದುಬಿಡುತ್ತದೆ.

## 4. ಫಿಲ್ಮಿನ ವಯಸ್ಸು ಕೇಳಿ

ಹೆಚ್ಚು ಜನ ಎಡವುವುದು ಈ ಹಂತದಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಲಿಥಿನ್ ಫಿಲ್ಮ್ ಜಾರುವಂತೆ ಮಾಡಲು ಅದರೊಳಗೆ ಎರುಕಮೈಡ್ ಅಥವಾ ಓಲಿಯಮೈಡ್ ಎಂಬ ಸ್ಲಿಪ್ ಪದಾರ್ಥ ಬೆರೆಸುತ್ತಾರೆ. ಇವು ಕೊಬ್ಬಿನ ಆಮ್ಲದ ಅಮೈಡುಗಳು. ಬಿಸಿ ಪ್ಲಾಸ್ಟಿಕ್ಕಿನಲ್ಲಿ ಕರಗಿರುತ್ತವೆ. ಫಿಲ್ಮ್ ತಣ್ಣಗಾದ ಮೇಲೆ ನಿಧಾನವಾಗಿ ಮೇಲ್ಮೈಗೆ ಬಂದು ತೆಳುವಾದ ಪದರ ಕಟ್ಟುತ್ತವೆ. ಓಲಿಯಮೈಡ್ ಬೇಗ ಬರುತ್ತದೆ. ಎರುಕಮೈಡಿನ ಅಣು ದೊಡ್ಡದು, ಬರುವುದು ತಡ. ಹಾಗಾಗಿ ಊದಿ ಇಳಿಸಿದ ಗಂಟೆಯಲ್ಲಿ 0.5 ದಾಟಿದ್ದ ಫಿಲ್ಮು ಒಂದೆರಡು ದಿನದಲ್ಲಿ 0.2ರ ಹತ್ತಿರ ಬಂದು ನಿಲ್ಲುವುದು ಸಹಜ. ಲೈನಿನಿಂದ ಕಿತ್ತು ತಂದ ತುಂಡನ್ನು ಅಳೆದು 'ಸ್ಲಿಪ್ ಕಡಿಮೆಯಾಗಿದೆ, ಮಾಸ್ಟರ್‌ಬ್ಯಾಚ್ (ಸ್ಲಿಪ್ ಬೆರೆಸಿದ ಹರಳು) ಏರಿಸಿ' ಎಂದು ಹೇಳಿದರೆ, ಎರಡು ದಿನದ ನಂತರ ಮುಟ್ಟಿದರೆ ಜಿಡ್ಡು ಹತ್ತುವಂಥ ಫಿಲ್ಮು ಕೈಗೆ ಬರುತ್ತದೆ. ಅದರ ಮೇಲೆ ಇಂಕು ನಿಲ್ಲುವುದಿಲ್ಲ, ಸೀಲ್ ಕೂಡ ಕೆಡುತ್ತದೆ.

ದಪ್ಪವನ್ನೂ ನೋಡಿಕೊಳ್ಳಿ. 50 ಮೈಕ್ರಾನಿನ ಪಾಲಿಥಿನ್ ಒಂದು ಚದರ ಮೀಟರಿಗೆ ಸುಮಾರು 46 ಗ್ರಾಂ ತೂಗುತ್ತದೆ. ಅದರಲ್ಲಿ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಸ್ಲಿಪ್ ಇದ್ದರೆ ಆ ಚದರ ಮೀಟರಿನಲ್ಲಿ ಇರುವುದು 46 ಮಿಲಿಗ್ರಾಂ. ಅದೇ ಪಿಪಿಎಂನಲ್ಲಿ 25 ಮೈಕ್ರಾನ್ ಫಿಲ್ಮ್ ಮಾಡಿದರೆ 23 ಮಿಲಿಗ್ರಾಂ ಮಾತ್ರ. ಮೇಲ್ಮೈ ಅಷ್ಟೇ ಇದೆ, ಅದನ್ನು ಮುಚ್ಚಲು ಇರುವ ಸರಕು ಅರ್ಧವಾಗಿದೆ. ದಪ್ಪ ಇಳಿಸಿದಾಗ ಘರ್ಷಣೆ ಏರಿತೆಂದರೆ ಅದು ಅಳತೆಯ ತಪ್ಪಲ್ಲದಿರಬಹುದು.

ಲ್ಯಾಮಿನೇಟ್, ಅಂದರೆ ಒಂದಕ್ಕೊಂದು ಅಂಟಿಸಿದ ಫಿಲ್ಮುಗಳು, ಆದರೆ ಇನ್ನೂ ಒಂದು ತಿರುವಿದೆ. ಪಾಲಿಯುರೆಥೇನ್ ಅಂಟಿನಿಂದ ಪಿಇಟಿ (ಪಾಲಿಯೆಸ್ಟರ್) ಫಿಲ್ಮಿಗೆ ಪಾಲಿಥಿನ್ ಅಂಟಿಸಿ ಹಾಟ್ ರೂಮಿನಲ್ಲಿ ಕ್ಯೂರ್ ಮಾಡುವಾಗ, ಅಂದರೆ ಅಂಟು ಗಟ್ಟಿಯಾಗಲು ಬಿಡುವಾಗ, ಸ್ಲಿಪ್ ಒಳಗಿನ ಅಂಟಿನ ಕಡೆಗೂ ಸರಿಯುತ್ತದೆ. ಲ್ಯಾಮಿನೇಷನ್‌ಗೆ ಮುಂಚೆ 0.15 ಇದ್ದ ಒಳಮುಖ ಕ್ಯೂರ್ ಆದ ಮೇಲೆ 0.35 ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ಲ್ಯಾಮಿನೇಟನ್ನು ಕ್ಯೂರ್ ಪೂರ್ತಿಯಾದ ಮೇಲೆಯೇ ಅಳೆಯಿರಿ. ಮುಂಚಿನ ಅಂಕಿಯನ್ನು ಗ್ರಾಹಕರಿಗೆ ಕೊಡಬೇಡಿ.

ಆದ್ದರಿಂದ ಸ್ಯಾಂಪಲ್ ತೆಗೆಯುವ ಮುಂಚೆ ಈ ನಾಲ್ಕನ್ನು ಬರೆದುಕೊಳ್ಳಿ: ಫಿಲ್ಮ್ ತಯಾರಾದ ದಿನ ಮತ್ತು ಹೊತ್ತು, ರೋಲ್ ಸಂಖ್ಯೆ, ರೋಲ್ ಇಟ್ಟಿದ್ದ ಜಾಗ, ಕೊರೋನಾ ಟ್ರೀಟ್‌ಮೆಂಟ್ (ಇಂಕು, ಅಂಟು ಹಿಡಿಯಲೆಂದು ಮೇಲ್ಮೈಗೆ ಕೊಡುವ ವಿದ್ಯುತ್ ಸಂಸ್ಕರಣೆ) ಯಾವ ಮುಖಕ್ಕೆ ಆಗಿದೆ. ಕೊರೋನಾ ಆದ ಮುಖ ಸಾಮಾನ್ಯವಾಗಿ ಹೆಚ್ಚು ಹಿಡಿಯುತ್ತದೆ. ಶೀಟ್ ಛಾವಣಿಯ ಗೋದಾಮಿನಲ್ಲಿ ಏಪ್ರಿಲ್ ತಿಂಗಳು ಕಳೆದ ರೋಲು, ಎಸಿ ಕೋಣೆಯಲ್ಲಿದ್ದ ರೋಲು ಒಂದೇ ಅಂಕಿ ಕೊಡುತ್ತವೆ ಎಂದು ನಿರೀಕ್ಷಿಸಬೇಡಿ. ಶಾಖದಲ್ಲಿ ಸ್ಲಿಪ್ ಮತ್ತೆ ಫಿಲ್ಮಿನೊಳಗೆ ಕರಗಿ ಹಿಂದಕ್ಕೆ ಹೋಗಬಹುದು.

## 5. ತುಂಡು ಕತ್ತರಿಸುವುದು

ರೋಲಿನ ಹೊರಗಿನ ಮೂರು ನಾಲ್ಕು ಸುತ್ತು ಬಿಚ್ಚಿ ಎಸೆಯಿರಿ. ಅದಕ್ಕೆ ಧೂಳು, ಕೈಜಿಡ್ಡು ಎಲ್ಲ ಹತ್ತಿರುತ್ತದೆ. ಆಮೇಲೆ ಬೇಕಾದ್ದಕ್ಕಿಂತ ದೊಡ್ಡ ಹಾಳೆ ತೆಗೆದು, ಅದು ರೋಲಿನಿಂದ ಬಿಡುವ ಮುಂಚೆಯೇ ಮಾರ್ಕರಿನಿಂದ ಅಂಚಿನಲ್ಲಿ ಎರಡು ಗುರುತು ಹಾಕಿ: ಯಂತ್ರದ ದಿಕ್ಕಿಗೆ (ತಯಾರಾಗುವಾಗ ಫಿಲ್ಮ್ ಓಡಿದ ದಿಕ್ಕು) ಒಂದು ಬಾಣ, ಹೊರಮುಖಕ್ಕೆ 'ಹೊ' ಎಂಬ ಅಕ್ಷರ. ಪಾರದರ್ಶಕ ಫಿಲ್ಮ್ ಒಮ್ಮೆ ಮೇಜಿನ ಮೇಲೆ ಮಗುಚಿಕೊಂಡರೆ ಯಾವ ಮುಖ ಯಾವುದು ಎಂದು ಯಾರಿಗೂ ಹೇಳಲಾಗದು.

ಎಎಸ್‌ಟಿಎಂ ಪ್ರಕಾರ ಬೆಡ್ಡಿಗೆ 250 × 130 ಮಿಲಿಮೀಟರ್ ತುಂಡು, ಉದ್ದದ ಬದಿ ಯಂತ್ರದ ದಿಕ್ಕಿನಲ್ಲಿ. ಸ್ಲೆಡ್ಡಿಗೆ 120 ಮಿಲಿಮೀಟರ್ ಚೌಕ. ಇಂಥ ಐದು ಜೋಡಿ ಬೇಕು. ಐಎಸ್‌ಒ ಪ್ರಕಾರ 80 × 200 ಮಿಲಿಮೀಟರ್ ತುಂಡುಗಳು, ಕನಿಷ್ಠ ಮೂರು ಜೋಡಿ. ತುಂಡುಗಳನ್ನು ರೋಲಿನ ಅಗಲದುದ್ದಕ್ಕೂ ಹಂಚಿ ತೆಗೆಯಿರಿ. ಒಂದೇ ಮೂಲೆಯಿಂದ ಐದನ್ನೂ ಕತ್ತರಿಸಿದರೆ ಆ ಮೂಲೆಯ ವಿಷಯ ಮಾತ್ರ ತಿಳಿಯುತ್ತದೆ.

ಬ್ಲೇಡು ಮೊಂಡಾಗಿದ್ದರೆ ಅಂಚಿನಲ್ಲಿ ಸಣ್ಣ ಮುಳ್ಳು ಏಳುತ್ತದೆ. ಅದು ಎದುರಿನ ಫಿಲ್ಮನ್ನು ಗೀರುತ್ತಾ ಹೋಗುತ್ತದೆ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮುಳ್ಳು ಕಂಡರೆ ತುಂಡು ಎಸೆಯಿರಿ.

ಅಳೆಯುವ ಮುಖವನ್ನು ಮುಟ್ಟಬೇಡಿ. ಗ್ಲೋವ್ಸ್ ಹಾಕಿದ್ದರೂ ಮುಟ್ಟಬೇಡಿ, ಮೂಲೆಗಳನ್ನಷ್ಟೇ ಹಿಡಿಯಿರಿ. ಕೊಳೆ ಕಂಡಿತೆಂದು ಆಲ್ಕೊಹಾಲಿನಿಂದ ಒರೆಸುವುದಂತೂ ಕೂಡದು. ಒರೆಸಿದರೆ ಸ್ಲಿಪ್ಪಿನ ಪದರವೇ ಎದ್ದುಹೋಗುತ್ತದೆ, ಆಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಆಲ್ಕೊಹಾಲ್ ಇರುವುದು ಬೆಡ್ಡಿಗೆ, ಫಿಲ್ಮಿಗಲ್ಲ.

## 6. ಕೋಣೆಯ ಹವೆಗೆ ಹೊಂದಿಸುವುದು

ತುಂಡುಗಳನ್ನು 23 ಡಿಗ್ರಿ ಸೆಲ್ಸಿಯಸ್, 50% ಸಾಪೇಕ್ಷ ಆರ್ದ್ರತೆಯ ಕೋಣೆಯಲ್ಲಿ ಇಡಿ. ಎಎಸ್‌ಟಿಎಂ ಕನಿಷ್ಠ 40 ಗಂಟೆ ಕೇಳುತ್ತದೆ. ಒಂದರ ಮೇಲೊಂದು ಪೇರಿಸದೆ, ಅಳೆಯುವ ಮುಖ ಯಾವುದಕ್ಕೂ ಒರಗದಂತೆ, ಮೂಲೆಗೆ ಕ್ಲಿಪ್ ಹಾಕಿ ತೂಗುಬಿಡುವುದು ಒಳ್ಳೆಯದು. ಫ್ಯಾನಿನ ಕೆಳಗೆ ಬೇಡ.

ಅಂಥ ಕೋಣೆ ಇಲ್ಲದ ಚಿಕ್ಕ ಘಟಕದವರು ಬಹಳ ಇದ್ದಾರೆ. ಅವರು ಕೊನೇಪಕ್ಷ ಪ್ರತಿ ಪರೀಕ್ಷೆಯ ಹೊತ್ತಿನ ತಾಪ, ಆರ್ದ್ರತೆ ಬರೆದಿಡಲಿ. ಮಂಗಳೂರಿನ ಜುಲೈ ಮತ್ತು ಕಲಬುರಗಿಯ ಏಪ್ರಿಲ್ ನಡುವಿನ ವ್ಯತ್ಯಾಸ ಪಾಲಿಥಿನ್ ಫಿಲ್ಮಿಗೆ ಸಹಿಸಬಹುದಾದಷ್ಟಿರಬಹುದು, ಕಾಗದಕ್ಕೆ ಅಲ್ಲ. ಕಾಗದದ ನಾರು ತೇವ ಹೀರಿದಂತೆ ಘರ್ಷಣೆ ಸಾಮಾನ್ಯವಾಗಿ ಏರುತ್ತದೆ. ಹಳೆಯ ಭಾರತೀಯ ಕಾಗದ ಮಾನಕಗಳು 27 ಡಿಗ್ರಿ, 65% ಆರ್ದ್ರತೆಯನ್ನು ಹೇಳುತ್ತಿದ್ದವು. ಹಳೆಯ ವರದಿಯ ಜೊತೆ ಹೋಲಿಸುವಾಗ ಆ ಸಾಲನ್ನು ಮೊದಲು ಓದಿ.

## 7. ಯಂತ್ರವನ್ನು ತಯಾರು ಮಾಡುವುದು

ಬೆಡ್ಡಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಒಂದು ಡಿಗ್ರಿ ವಾಲಿದ್ದರೆ ಅಂಕಿಯಲ್ಲಿ 0.017 ತಪ್ಪು ಸೇರುತ್ತದೆ. ನಿಮ್ಮ ಫಿಲ್ಮಿನ ನಿಜವಾದ ಮೌಲ್ಯ 0.20 ಆಗಿದ್ದರೆ ಅದು ನೂರಕ್ಕೆ ಎಂಟಕ್ಕಿಂತ ಹೆಚ್ಚು.

ಲೋಡ್ ಸೆಲ್ ಸೊನ್ನೆ ಮಾಡಿ, 50 ಗ್ರಾಂ ಬಟ್ಟು ತೂಗುಹಾಕಿ. 0.49 ನ್ಯೂಟನ್ ತೋರಿಸಬೇಕು. 100 ಗ್ರಾಂಗೆ 0.98. ಪುಲ್ಲಿ ಇರುವ ಜಿಗ್ ಆದರೆ ದಾರವನ್ನು ಪುಲ್ಲಿಯ ಮೇಲೆ ಹಾಯಿಸಿಯೇ ಈ ತಪಾಸಣೆ ಮಾಡಿ, ಆಗ ಪುಲ್ಲಿ ಬಿಗಿಯಾಗಿದ್ದರೂ ಗೊತ್ತಾಗುತ್ತದೆ. ಸ್ಲೆಡ್ಡನ್ನು ತಕ್ಕಡಿಯಲ್ಲಿ ತೂಗಿ. ರಬ್ಬರು ಸವೆದು, ಟೇಪಿನ ಚೂರು ಅಂಟಿಕೊಂಡು ತೂಕ 200 ಗ್ರಾಂನಿಂದ ಸರಿದಿರುತ್ತದೆ.

ಎಳೆಯುವ ದಾರ ಬೆಡ್ಡಿಗೆ ಸಮಾಂತರವಾಗಿರಬೇಕು. ಸ್ವಲ್ಪ ಮೇಲಕ್ಕೆ ಎಳೆಯುತ್ತಿದ್ದರೂ ಸ್ಲೆಡ್ಡಿನ ಮೂತಿ ಏಳುತ್ತದೆ, ತೂಕ ಹಿಂದಿನ ಅಂಚಿಗೆ ಬೀಳುತ್ತದೆ. ಕೊನೆಗೆ ಬೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿ ಒಣಗಲು ಬಿಡಿ. ಫಿಲ್ಮ್ ಮತ್ತು ಲೋಹದ ನಡುವೆ ಅಳೆಯುವವರು ಪ್ರತಿ ಎಳೆತದ ನಂತರ ಲೋಹದ ತಟ್ಟೆ ಒರೆಸಬೇಕು. ಹಿಂದಿನ ಫಿಲ್ಮಿನಿಂದ ಹತ್ತಿದ ಸ್ಲಿಪ್ ಮುಂದಿನದನ್ನು ಸುಳ್ಳೇ ಜಾರುವಂತೆ ತೋರಿಸುತ್ತದೆ.

## 8. ಬೆಡ್ಡಿಗೆ, ಸ್ಲೆಡ್ಡಿಗೆ ಕೂರಿಸುವುದು

ಬೆಡ್ಡಿನ ತುಂಡನ್ನು ಯಂತ್ರದ ದಿಕ್ಕು ಎಳೆತದ ದಿಕ್ಕಿಗೆ ಬರುವಂತೆ ಹಾಸಿ, ಮುಂದಿನ ಅಂಚಿಗೆ ಟೇಪು ಹಚ್ಚಿ. ಗಾಳಿಗುಳ್ಳೆ, ಸುಕ್ಕು ಇದ್ದರೆ ಮೇಲಿಂದ ಉಜ್ಜಿ ಸರಿಮಾಡಬೇಡಿ. ಎತ್ತಿ ಮತ್ತೆ ಹಾಸಿ. ಟೇಪು ಸ್ಲೆಡ್ ಓಡುವ ದಾರಿಯಲ್ಲಿ ಬರಬಾರದು.

ಸ್ಲೆಡ್ಡಿನ ತುಂಡನ್ನು ಅಳೆಯುವ ಮುಖ ಕೆಳಗೆ ಬರುವಂತೆ ಸುತ್ತಿ, ತುದಿಗಳನ್ನು ಮೇಲ್ಗಡೆ ಮಡಚಿ ಅಲ್ಲೇ ಟೇಪು ಹಾಕಿ. ಬಿಗಿಯಾಗಿರಬೇಕು, ಹಿಗ್ಗಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಅಂಚು. ಫಿಲ್ಮು ಅಲ್ಲಿ ಸ್ಲೆಡ್ಡಿನ ಮೂತಿಯನ್ನು ನುಣ್ಣಗೆ ತಬ್ಬಿ ಮೇಲೇರಬೇಕು. ಮೂಲೆಯಲ್ಲಿ ಕಿವಿಯಂತೆ ಮಡಿಕೆ ಬಿದ್ದಿದ್ದರೆ ಅದು ನೇಗಿಲಿನ ಹಾಗೆ ಕೆಳಗಿನ ಫಿಲ್ಮನ್ನು ಉಳುತ್ತಾ ಹೋಗುತ್ತದೆ. ಸುತ್ತಿದ ಮೇಲೆ ಸ್ಲೆಡ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಳ ನೋಡಿ. ಹೊಳಪು ಒಂದೇ ಸಮನಾಗಿ ಹರಿದರೆ ಸರಿ, ಎಲ್ಲಾದರೂ ಮುರಿದರೆ ಅಲ್ಲಿ ಸುಕ್ಕಿದೆ.

ಮಡಚಿದರೆ ಸುಕ್ಕಾಗುವಷ್ಟು ದಪ್ಪದ ಹಾಳೆಗೆ ಈ ಸುತ್ತುವ ಕ್ರಮ ಹೊಂದುವುದಿಲ್ಲ. 0.25 ಮಿಲಿಮೀಟರಿಗಿಂತ ದಪ್ಪದ್ದನ್ನು 63.5 ಮಿಲಿಮೀಟರ್ ಚೌಕಕ್ಕೆ ಕತ್ತರಿಸಿ ಡಬಲ್ ಸೈಡ್ ಟೇಪಿನಿಂದ ತಳಕ್ಕೆ ಅಂಟಿಸಿ.

## 9. ಇಟ್ಟು, ಕಾದು, ಎಳೆಯುವುದು

ಸ್ಲೆಡ್ಡನ್ನು ಎರಡೂ ಬದಿಯಿಂದ ಹಿಡಿದು ನೇರವಾಗಿ ಕೆಳಗಿಳಿಸಿ. ಇಟ್ಟ ಮೇಲೆ ಸರಿಸಬಾರದು, ಅದುಮಬಾರದು. ಅದುಮಿದರೆ ಎರಡು ಫಿಲ್ಮುಗಳ ನಡುವಿನ ಗಾಳಿ ಹೊರಹೋಗಿ ಸ್ಥಾಯಿ ಘರ್ಷಣೆ ಜಿಗಿಯುತ್ತದೆ. ಇಟ್ಟ ಮೇಲೆ ಎಷ್ಟು ಹೊತ್ತು ಕೂತಿತ್ತು ಎಂಬುದೂ ಸ್ಟ್ಯಾಟಿಕ್ ಅಂಕಿಯನ್ನು ಬದಲಿಸುತ್ತದೆ. ಐಎಸ್‌ಒದವರಿಗೆ 15 ಸೆಕೆಂಡ್ ಎಂಬ ನಿಯಮ ಇದ್ದೇ ಇದೆ. ಬೇರೆ ವಿಧಾನದವರೂ ಲ್ಯಾಬಿಗೆ ಒಂದೇ ಹೊತ್ತನ್ನು ಗೊತ್ತುಮಾಡಿ ಗಡಿಯಾರ ನೋಡಿಯೇ ಎಳೆಯಿರಿ. ಒಬ್ಬರು ಇಟ್ಟ ತಕ್ಷಣ ಎಳೆದು, ಇನ್ನೊಬ್ಬರು ಫೋನ್ ಮುಗಿಸಿ ಬಂದು ಎಳೆದರೆ ಅಂಕಿಗಳು ಹೊಂದುವುದಿಲ್ಲ.

ಎಳೆಯುವ ಮುಂಚೆ ದಾರದ ಸಡಿಲ ತೆಗೆಯಿರಿ. ಸಡಿಲ ದಾರ ಒಮ್ಮೆಲೇ ಬಿಗಿಯಾದಾಗ ಬೀಳುವ ಜಗ್ಗಿಗೆ ಗ್ರಾಫಿನಲ್ಲಿ ಎತ್ತರದ ಮೊನೆ ಏಳುತ್ತದೆ, ಸಾಫ್ಟ್‌ವೇರ್ ಅದನ್ನೇ ಸ್ಟ್ಯಾಟಿಕ್ ಎಂದು ಬರೆದುಕೊಳ್ಳುತ್ತದೆ. ಹಾಗೆಂದು ಸ್ಲೆಡ್ಡಿನ ಮೇಲೆ ಮೊದಲೇ ಬಲ ಬೀಳುವಷ್ಟು ಬಿಗಿಯಲೂ ಬಾರದು. ದಾರ ನೇರವಾಗಿ, ಸೆಲ್ ಸೊನ್ನೆಯ ಹತ್ತಿರ ಇರಬೇಕು.

ಎಎಸ್‌ಟಿಎಂನಲ್ಲಿ ಸುಮಾರು 130 ಮಿಲಿಮೀಟರ್ ದೂರ ಎಳೆಯಬೇಕು. ಆ ಹೊತ್ತಿನಲ್ಲಿ ಮೇಜು ಮುಟ್ಟಬೇಡಿ. ಒಂದು ಜೋಡಿ ತುಂಡು ಒಂದು ಎಳೆತಕ್ಕೆ ಮಾತ್ರ. ಜಾರಿದ ಮೇಲ್ಮೈ ಮೊದಲಿನ ಮೇಲ್ಮೈ ಅಲ್ಲ. ತುಂಡು ಉಳಿಸುವ ಆಸೆಗೆ ಅದೇ ಜೋಡಿಯನ್ನು ಐದು ಸಲ ಎಳೆದು ಸರಾಸರಿ ತೆಗೆಯುವ ಲ್ಯಾಬುಗಳು ಈಗಲೂ ಇವೆ. ಆ ಸರಾಸರಿಗೆ ಅರ್ಥವಿಲ್ಲ.

## 10. ಲೆಕ್ಕ ಮಾಡುವ ಮುಂಚೆ ಗ್ರಾಫ್ ಓದಿ

ಒಳ್ಳೆಯ ಎಳೆತದ ಗ್ರಾಫ್ ಹೀಗಿರುತ್ತದೆ: ಬಲ ನೇರವಾಗಿ ಏರಿ ಒಂದು ಮೊನೆ ಮುಟ್ಟುತ್ತದೆ, ಸ್ವಲ್ಪ ಇಳಿಯುತ್ತದೆ, ಅಲ್ಲಿಂದ ಹೆಚ್ಚುಕಮ್ಮಿ ಮಟ್ಟಸವಾಗಿ ಸಾಗುತ್ತದೆ. ಮೊನೆಯಿಂದ ಸ್ಟ್ಯಾಟಿಕ್, ಮಟ್ಟಸ ಭಾಗದ ಸರಾಸರಿಯಿಂದ ಕೈನೆಟಿಕ್. ಐಎಸ್‌ಒ ಆದರೆ ಆರಂಭದ ಮೊನೆ ಬಿಟ್ಟು ಮೊದಲ 6 ಸೆಂಟಿಮೀಟರಿನ ಸರಾಸರಿ.

ಮೊನೆಯೇ ಇಲ್ಲದೆ ಗೆರೆ ಮಟ್ಟಸವಾಗಿ ಆರಂಭವಾದರೆ ಗಾಬರಿ ಬೇಡ, ಚೆನ್ನಾಗಿ ಜಾರುವ ಕೆಲವು ಫಿಲ್ಮುಗಳಲ್ಲಿ ಸ್ಥಾಯಿ ಮತ್ತು ಜಾರು ಘರ್ಷಣೆ ಒಂದರ ಪಕ್ಕ ಒಂದು ಇರುತ್ತವೆ.

ಗೆರೆ ಗರಗಸದ ಹಲ್ಲಿನಂತಿದ್ದರೆ ಸ್ಲೆಡ್ ನಿಂತು ನಿಂತು ಜಿಗಿಯುತ್ತಿದೆ. ಮೊದಲು ದಾರ, ಸ್ಪ್ರಿಂಗುಗಳನ್ನು ಅನುಮಾನಿಸಿ. ಐಎಸ್‌ಒದಲ್ಲಿ ಸ್ಲೆಡ್ಡಿಗೂ ಲೋಡ್ ಸೆಲ್ಲಿಗೂ ನಡುವೆ ಸ್ಪ್ರಿಂಗ್ ಇರುತ್ತದೆ. ಅದು ತೂಗಾಡಿ ಗೆರೆ ಕೆಡುತ್ತಿದ್ದರೆ, ಕೈನೆಟಿಕ್ ಅಳೆಯುವಾಗ ಅದನ್ನು ತೆಗೆದು ಗಟ್ಟಿಯಾದ ಕೊಂಡಿ ಹಾಕಿ ಬೇರೆಯಾಗಿ ಎಳೆಯಬೇಕು. ಆಮೇಲೂ ಹಲ್ಲು ಉಳಿದರೆ ಅದು ಫಿಲ್ಮಿನದೇ ಗುಣ, ವರದಿಯಲ್ಲಿ ಹಾಗೇ ಬರೆಯಿರಿ. ಅಂಥ ಗ್ರಾಫಿನ ಸರಾಸರಿಯನ್ನು ಮಾತ್ರ ಕೊಟ್ಟರೆ, ಯಂತ್ರದ ಮೇಲೆ ಈ ಫಿಲ್ಮ್ ಎಳೆದೆಳೆದು ಓಡುತ್ತದೆ ಎಂಬ ಮುಖ್ಯ ಮಾಹಿತಿ ಮುಚ್ಚಿಹೋಗುತ್ತದೆ.

ಬಲ ಕೊನೆಯವರೆಗೂ ಏರುತ್ತಲೇ ಹೋದರೆ ಸ್ಥಿರವಿದ್ಯುತ್ತೋ, ಬೆಡ್ಡಿನ ಫಿಲ್ಮ್ ಮುದುಡುತ್ತಿರುವುದೋ ಕಾರಣ. ಒಣ ಹವೆಯ ದಿನಗಳಲ್ಲಿ ಪಿಇಟಿ, ಬಿಒಪಿಪಿ (ಎರಡೂ ದಿಕ್ಕಿಗೆ ಹಿಗ್ಗಿಸಿದ ಪಾಲಿಪ್ರೊಪಿಲೀನ್) ಫಿಲ್ಮುಗಳಲ್ಲಿ ಇದು ಹೆಚ್ಚು. ಸ್ಲೆಡ್ ಎತ್ತುವಾಗ ಕೆಳಗಿನ ಫಿಲ್ಮೂ ಎದ್ದು ಬಂದರೆ ಸ್ಥಿರವಿದ್ಯುತ್ತೇ. ಸ್ಥಿರವಿದ್ಯುತ್ತು ಕಳೆಯುವ ಅಯಾನೈಸರಿನ ಗಾಳಿ ಬಿಟ್ಟು ಹೊಸ ತುಂಡಿನಿಂದ ಮತ್ತೆ ಮಾಡಿ.

## 11. ಲೆಕ್ಕ

ಎಳೆದ ಬಲವನ್ನು ಸ್ಲೆಡ್ಡಿನ ಭಾರದಿಂದ ಭಾಗಿಸಿದರೆ ಮುಗಿಯಿತು. 200 ಗ್ರಾಂ ಸ್ಲೆಡ್ಡಿನ ಭಾರ 1.962 ನ್ಯೂಟನ್. ಉದಾಹರಣೆಗೆ ಐದು ಎಳೆತದ ಸರಾಸರಿ ಬಲಗಳು 0.41, 0.43, 0.42, 0.44, 0.42 ನ್ಯೂಟನ್ ಎಂದುಕೊಳ್ಳಿ. ಇವುಗಳ ಸರಾಸರಿ 0.424. 1.962ರಿಂದ ಭಾಗಿಸಿದರೆ 0.216, ವರದಿಗೆ 0.22.

ಯಂತ್ರ ಗ್ರಾಂ ಬಲದಲ್ಲಿ ತೋರಿಸಿದರೆ 43.2 ಭಾಗಿಸು 200, ಉತ್ತರ ಅದೇ. ನ್ಯೂಟನ್ನನ್ನು ಗ್ರಾಂನಿಂದ ಭಾಗಿಸಿದ ವರದಿಗಳು ಬರುತ್ತವೆ. ಪಾಲಿಥಿನ್ ಫಿಲ್ಮಿಗೆ 0.002 ಎಂಬ ಅಂಕಿ ಕಂಡರೆ ಆಗಿರುವುದು ಅದೇ.

ಐದರಲ್ಲಿ ಒಂದು ಅಂಕಿ ಉಳಿದವುಗಳಿಂದ ದೂರ ನಿಂತಿದ್ದರೆ ಸುಮ್ಮನೆ ಹೊಡೆದುಹಾಕಬೇಡಿ. ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಗೀರು, ಬೆರಳ ಗುರುತು, ಮಡಿಕೆ ಸಿಕ್ಕರೆ ಕಾರಣ ಬರೆದು ಬದಲಿ ತುಂಡು ಎಳೆಯಿರಿ. ಏನೂ ಸಿಗದಿದ್ದರೆ ಅಂಕಿ ಉಳಿಯಬೇಕು. ರೋಲಿನ ಆ ಜಾಗದಲ್ಲಿ ಸ್ಲಿಪ್ ಹರಡುವಿಕೆ ನಿಜಕ್ಕೂ ಬೇರೆ ಇರಬಹುದು.

ಪಾಲಿಥಿನ್ ವ್ಯವಹಾರದಲ್ಲಿ ಸಾಮಾನ್ಯವಾಗಿ 0.2ರವರೆಗೆ ಹೈ ಸ್ಲಿಪ್, 0.2ರಿಂದ 0.5 ಮೀಡಿಯಂ, ಅದಕ್ಕೆ ಮೇಲಿದ್ದರೆ ಲೋ ಸ್ಲಿಪ್ ಎನ್ನುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ತೀರಾ ಜಾರುವ ಫಿಲ್ಮಿನ ರೋಲು ಬದಿಗೆ ಸರಿದು ಗೋಪುರದಂತೆ ಏಳುತ್ತದೆ, ಪೇರಿಸಿದ ಚೀಲಗಳು ಲಾರಿಯಲ್ಲಿ ನಿಲ್ಲುವುದಿಲ್ಲ.

## 12. ಕಾಗದವಾದರೆ ಬದಲಾಗುವುದು

ಕಾಗದಕ್ಕೆ ಎರಡು ಮುಖಗಳಿವೆ: ತಯಾರಾಗುವಾಗ ಜಾಲರಿಯ ಮೇಲೆ ಕೂತ ವೈರ್ ಮುಖ, ಅದರ ಎದುರಿನ ಫೆಲ್ಟ್ ಮುಖ. ನಾರಿಗೆ ದಿಕ್ಕಿದೆ. ಹಾಗಾಗಿ ಗುರುತು ಹಾಕುವ ಕೆಲಸ ಇಲ್ಲಿ ಇನ್ನೂ ಕಟ್ಟುನಿಟ್ಟು. ಅಂಗೈ ಒರಗಿಸಬೇಡಿ, ಬೆವರು ತಕ್ಷಣ ಹೀರುತ್ತದೆ.

ಎಳೆದಷ್ಟೂ ಕಾಗದದ ಅಂಕಿ ಬದಲಾಗುತ್ತದೆ. ಮೊದಲ ಎಳೆತದಲ್ಲಿ ಎದ್ದಿದ್ದ ನಾರುಗಳು ಮಲಗಿಕೊಳ್ಳುತ್ತವೆ, ಸಾಮಾನ್ಯವಾಗಿ ಎರಡನೆಯದರಲ್ಲಿ ಘರ್ಷಣೆ ಇಳಿಯುತ್ತದೆ, ಮುಂದೆ ನಿಧಾನವಾಗಿ ನೆಲೆ ನಿಲ್ಲುತ್ತದೆ. ಅದಕ್ಕೇ ಐಎಸ್‌ಒ 15359 ಒಂದೇ ಜೋಡಿಯನ್ನು ಒಂದೇ ದಿಕ್ಕಿನಲ್ಲಿ ಮೂರು ಸಲ ಎಳೆಯಿಸಿ, ಮೊದಲನೆಯ ಮತ್ತು ಮೂರನೆಯ ಎಳೆತದ ಅಂಕಿಗಳನ್ನು ಬೇರೆ ಬೇರೆ ಬರೆಯಿಸುತ್ತದೆ. ಫಿಲ್ಮಿಗೆ ಹೇಳಿದ ಒಂದು ಜೋಡಿ, ಒಂದು ಎಳೆತ ಎಂಬ ನಿಯಮ ಇಲ್ಲಿ ಇಲ್ಲ. ಆದರೆ ಎಷ್ಟನೇ ಎಳೆತ ಎಂದು ಬರೆಯದ ಕಾಗದದ ಅಂಕಿಯನ್ನು ಯಾರೂ ನಂಬಬಾರದು. ಸ್ಲೆಡ್ಡನ್ನು ಮೊದಲ ಜಾಗಕ್ಕೆ ತರುವಾಗ ಹಿಂದಕ್ಕೆ ತಳ್ಳಬೇಡಿ, ಎತ್ತಿ ಇಡಿ. ತಳ್ಳಿದರೆ ಮಲಗಿದ ನಾರು ಮತ್ತೆ ಏಳುತ್ತದೆ.

ನೀರು ಹೀರದಂತೆ ಎಕೆಡಿ ಎಂಬ ಮೇಣದಂಥ ರಾಸಾಯನಿಕದಿಂದ ಸೈಜಿಂಗ್ ಮಾಡಿದ ಕಾಗದ ಹೆಚ್ಚು ಜಾರುವುದುಂಟು. ಮಿಲ್ಲು ಬದಲಾದಾಗ ಜಾರುತನ ಬದಲಾದರೆ ಅದನ್ನೂ ವಿಚಾರಿಸಿ.

## 13. ಯಂತ್ರ ಇಲ್ಲದವರಿಗೆ ಇಳಿಜಾರು ವಿಧಾನ

ಒಂದು ಬದಿಗೆ ಕೀಲು ಇರುವ ನುಣುಪಾದ ಹಲಗೆ, ತಳ ಸಮನಾಗಿರುವ 200 ಗ್ರಾಂ ತೂಕದ ಲೋಹದ ತುಂಡು, ಅಡಿಕೋಲು ಇದ್ದರೆ ಸ್ಥಾಯಿ ಘರ್ಷಣೆಯನ್ನು ಅಂದಾಜಿಸಬಹುದು. ಕೊರಗೇಟೆಡ್ ಬೋರ್ಡಿಗೆ ಇದೇ ಮಾನಕದ ವಿಧಾನ ಕೂಡ, ಅಲ್ಲಿ ಮೋಟಾರು ಸೆಕೆಂಡಿಗೆ ಸುಮಾರು 1.5 ಡಿಗ್ರಿಯಂತೆ ಎತ್ತುತ್ತದೆ.

ಫಿಲ್ಮ್ ಅಥವಾ ಕಾಗದವನ್ನು ಹಲಗೆಗೂ ತೂಕಕ್ಕೂ ಮೇಲೆ ಹೇಳಿದಂತೆಯೇ ಕೂರಿಸಿ. ಹಲಗೆಯನ್ನು ನಿಧಾನವಾಗಿ, ಅಲುಗಾಡಿಸದೆ ಎತ್ತಿ. ತೂಕ ಜಾರಲು ಆರಂಭಿಸಿದ ಕೂಡಲೇ ನಿಲ್ಲಿಸಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಸ್ಥಾಯಿ ಘರ್ಷಣಾ ಗುಣಾಂಕ: 15 ಡಿಗ್ರಿಗೆ 0.27, 20ಕ್ಕೆ 0.36, 25ಕ್ಕೆ 0.47, 30ಕ್ಕೆ 0.58. ಕೋನಮಾಪಕಕ್ಕಿಂತ ಅಡಿಕೋಲೇ ವಾಸಿ. ಕೀಲಿನಿಂದ ನೆಲದ ಮೇಲೆ ಸರಿಯಾಗಿ 30 ಸೆಂಟಿಮೀಟರ್ ದೂರದಲ್ಲಿ ಹಲಗೆಯ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂದು ಅಳೆದು 30ರಿಂದ ಭಾಗಿಸಿ. ಎತ್ತರ 8 ಸೆಂಟಿಮೀಟರ್ ಇದ್ದರೆ 0.27, ಟ್ಯಾಂಜೆಂಟ್ ಪಟ್ಟಿಯೂ ಬೇಡ.

ಇದು ಬಂದ ರೋಲುಗಳನ್ನು ಒಂದಕ್ಕೊಂದು ಹೋಲಿಸಲು, ಎದ್ದುಕಾಣುವಷ್ಟು ಕೆಟ್ಟದ್ದನ್ನು ಹಿಡಿಯಲು ಸಾಕು. ಕೈನೆಟಿಕ್ ಅಂಕಿ ಇದರಿಂದ ಬರುವುದಿಲ್ಲ, ಗ್ರಾಹಕರ ಸ್ಪೆಸಿಫಿಕೇಶನ್ ಎದುರಿಗೆ ಇದನ್ನು ಇಡಬೇಡಿ.

## 14. ವರದಿ

ಬರಿಯ ಅಂಕಿ ಬರೆದು ಕಳಿಸಬೇಡಿ. ಹೀಗೆ ಬರೆಯಿರಿ: 'ಎಎಸ್‌ಟಿಎಂ ಡಿ1894, ಒಳಮುಖದ ಮೇಲೆ ಒಳಮುಖ, ಯಂತ್ರದ ದಿಕ್ಕು, ಕೈನೆಟಿಕ್ 0.22, ಐದು ಜೋಡಿಗಳಲ್ಲಿ ಅತಿ ಕಡಿಮೆ 0.21, ಅತಿ ಹೆಚ್ಚು 0.22; ಫಿಲ್ಮ್ ತಯಾರಾಗಿ 6 ದಿನ; 23 ಡಿಗ್ರಿ, 50% ಆರ್ದ್ರತೆಯಲ್ಲಿ 40 ಗಂಟೆ.' ಸ್ಟ್ಯಾಟಿಕ್ ಅನ್ನು ಇದೇ ರೀತಿ ಬೇರೆ ಸಾಲಿನಲ್ಲಿ, ಕೂತ ಹೊತ್ತಿನ ಸಮೇತ. ಗ್ರಾಫುಗಳನ್ನೂ ಲಗತ್ತಿಸಿ.

ಸರಬರಾಜುದಾರರ ಅಂಕಿಗೂ ನಿಮ್ಮದಕ್ಕೂ ಆಗಲೂ ಹೊಂದದಿದ್ದರೆ ಇಬ್ಬರೂ ಒಂದೇ ರೋಲಿನ ಒಂದೇ ಜಾಗದಿಂದ ಹಾಳೆ ಹಂಚಿಕೊಂಡು, ಒಂದೇ ದಿನ, ಒಂದೇ ಮಾನಕದಲ್ಲಿ ಎಳೆಯಿರಿ. ಮೂರನೆಯವರ ಬಳಿ ಹೋಗುವುದಾದರೆ ಎನ್‌ಎಬಿಎಲ್ (ಭಾರತದಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆಯ ಲ್ಯಾಬ್ ಹಿಡಿಯಿರಿ. ಮಾನ್ಯತೆಯ ಪಟ್ಟಿಯಲ್ಲಿ ಈ ಪರೀಕ್ಷೆಯೇ ಇದೆಯೇ ಎಂದು ಮೊದಲು ಕೇಳಿ, ಏಕೆಂದರೆ ಲ್ಯಾಬಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಎಲ್ಲ ಪರೀಕ್ಷೆಗಳಿಗೂ ಇರುವುದಿಲ್ಲ. ಅಲ್ಲಿಗೆ ಕಳಿಸುವ ಹಾಳೆಗಳನ್ನು ಬಿಡಿಬಿಡಿಯಾಗಿ ಮಡಚಿ ಕವರಿಗೆ ತುರುಕಬೇಡಿ. ರೋಲಿನಿಂದ ಹತ್ತು ಹನ್ನೆರಡು ಸುತ್ತನ್ನು ಹಾಗೆಯೇ ಒಂದು ಕೊಳವೆಗೆ ಸುತ್ತಿ, ಮೇಲೆ ಅದೇ ಫಿಲ್ಮಿನ ಎರಡು ಸುತ್ತು ಹೆಚ್ಚಿಗೆ ಹಾಕಿ, ಬಾಣದ ಗುರುತು ಮತ್ತು ತಯಾರಾದ ದಿನಾಂಕದ ಚೀಟಿಯೊಂದಿಗೆ ಕಳಿಸಿ. ಅಂಥದೇ ಇನ್ನೊಂದು ಸುರುಳಿಯನ್ನು ವ್ಯಾಜ್ಯ ತೀರುವವರೆಗೆ ನಿಮ್ಮಲ್ಲೂ ತಂಪಾದ ಜಾಗದಲ್ಲಿ ಇಟ್ಟುಕೊಳ್ಳಿ.